ಚಂದ್ರಕಾಳಿ ಗೋಡೆ

“ಅಂಗಡಿಗೆ ಕರಿ ಬಣ್ಣಾ! ನಿಮ್ಮ ಮಾವ ತೀರಿಕೊಂಡು ವರ್ಷ ತುಂಬಿಲ್ಲ... ಆಗಲೇ ಮನಿತನಕ್ಕ ಮಸಿ ಬಳ್ಯಾಕ ನಿಂತೀ ಏನು?”

ಭರಮವ್ವನ ಕೂಗಿಗೆ ಸಂಕೇಶ್ವರದ ಆ ಓಣಿಯ ಅರ್ಧ ಜನ ಬಾಗಿಲಿಗೆ ಬಂದರು. ಸೊಸೆ ಶಿವಾನಿ ಏಣಿಯಿಂದ ಇಳಿಯಲಿಲ್ಲ, ಕೈಯಲ್ಲಿದ್ದ ಬ್ರಷ್ಷನ್ನೂ ಕೆಳಗಿಡಲಿಲ್ಲ. ರಸ್ತೆ ಅಗಲ ಮಾಡುವಾಗ ಮಾವ ಶೆಟ್ಟೆಪ್ಪನ ಖಾನಾವಳಿಯಲ್ಲಿ ಜನ ಕೂತು ಉಣ್ಣುವ ಜಾಗವೆಲ್ಲ ಹೋಗಿ, ಅಡುಗೆಕೋಣೆಯೊಂದೇ ಉಳಿದಿತ್ತು. ಅದನ್ನು ಮೊಬೈಲ್ ಅಂಗಡಿಗೆ ಬಾಡಿಗೆ ಕೊಡೋಣವೆಂದ ಗಂಡ ಭೀಮೇಶ. ಬೇಡ, ಅಲ್ಲೇ ರೊಟ್ಟಿ-ಪಲ್ಯದ ಪಾರ್ಸಲ್ ಅಂಗಡಿ ತೆರೆಯುತ್ತೇನೆಂದು ಹಟ ಹಿಡಿದವಳು ಶಿವಾನಿ. ಬೀದಿ ಕಡೆಯ ಗೋಡೆ ಒಡೆಸಿ ಗಾಜು ಹಾಕಿಸಿದಳು. ಒಲೆಯನ್ನು ಗಾಜಿನ ಹತ್ತಿರಕ್ಕೇ ತಂದಳು. ಈಗ ಹಿಂದಿನ ಗೋಡೆಗೆ ಕಡುಗಪ್ಪು, ಮೇಲೆ ಮೊಳದಗಲ ಕೆಂಪು ಅಂಚು!

“ಬರೇ ಕರಿ ಅಲ್ರಿ ಅತ್ತಿ, ಚಂದ್ರಕಾಳಿ. ನೀವು ಬಸುರಿದ್ದಾಗ ಕುಬಸಕ್ಕ ಉಟ್ಟಿದ್ದ ಸೀರಿ ನೋಡೇ ಬಳದೇನ್ರಿ. ಬಿಳಿ ರೊಟ್ಟಿ ಎದ್ದು ಕಾಣಬೇಕಂದ್ರ ಹಿಂದ ಕಪ್ಪು ಇರಬೇಕ್ರಿ.”

“ಮತ್ತ ಆ ಗಾಜು? ಮನಿ ಹೆಣಮಕ್ಕಳು ರೊಟ್ಟಿ ಬಡಿಯೂದನ್ನ ಹಾದಿ ಹೋಗೋರು ನಿಂತು ನೋಡಬೇಕೇನು? ಇಷ್ಟು ವರ್ಷ ನನ್ನ ಸೆರಗೂ ಬೀದಿಗೆ ಕಂಡಿಲ್ಲ!”

“ಅದಕ್ಕ ನಿಮ್ಮ ಹೆಸರೂ ಕಾಣಲಿಲ್ರಿ... ಊರೆಲ್ಲ ಶೆಟ್ಟೆಪ್ಪನ ರೊಟ್ಟಿ ಅಂತು. ಮಾವನವರು ಒಂದಿನರೆ ಹಿಟ್ಟು ಮುಟ್ಟಿದ್ರೇನ್ರಿ?”

ಭರಮವ್ವ ಸೆರಗು ಬಿಗಿದುಕೊಂಡಳು. “ಇನ್ನ ನಾನೂ ಮುಟ್ಟಂಗಿಲ್ಲ! ಅದ್ಹೆಂಗ ಅಂಗಡಿ ನಡಸ್ತಿ, ನೋಡತೇನಿ!” ಎಂದು ಒಳಗೆ ಹೋದಳು. ಭೀಮೇಶ ಜೇಬಿನಿಂದ ಮೊಬೈಲ್ ತೆಗೆದು ನೋಡತೊಡಗಿದ. ಗಂಡಸರಿಗೆ ಸರಿಯಾಗಿ ಇಂಥ ಹೊತ್ತಿಗೇ ಮೊಬೈಲ್ ನೆನಪಾಗುತ್ತದೆ. ಅತ್ತೆಯ ಕೈಯಿಲ್ಲದೆ ಅಂಗಡಿ ನಿಲ್ಲದೆಂದು ಶಿವಾನಿಗೂ ಗೊತ್ತಿತ್ತು. ಕಣ್ಣೊರೆಸಿಕೊಂಡು ಉಳಿದ ಅಂಚನ್ನು ಬಳಿದು ಮುಗಿಸಿದಳು.

ಅಂಗಡಿ ತೆರೆದ ದಿನ ಕಪ್ಪು ಗೋಡೆ ಕಂಡು ಹಾದಿಹೋಕರು ನಿಂತರು. ಶಿವಾನಿ ಒಲೆಯ ಮುಂದೆ ಕೂತು ಬಡಿದಳು, ರೊಟ್ಟಿ ಹರಿಯಿತು. ಮತ್ತೆ ಬಡಿದಳು, ಮತ್ತೆ ಹರಿಯಿತು. ದಡ್ಡಿ ಊರಿನ ಬಸ್ಸಿಗೆ ಹೊರಟಿದ್ದ ಹಳೆಯ ಗಿರಾಕಿ ಸಿದ್ರಾಯ ಒಂದು ಚೂರು ಬಾಯಿಗಿಟ್ಟು ತಲೆಯಾಡಿಸಿದ. “ಚಂದ ಕಟ್ಟಿಸೀರಿ ಖರೆ. ಆದ್ರ ಇದು ಶೆಟ್ಟೆಪ್ಪನ ರೊಟ್ಟಿ ಅಲ್ಲ ತಂಗಿ.” ನಿಂತವರು ಒಬ್ಬೊಬ್ಬರಾಗಿ ಚದುರತೊಡಗಿದರು. ಶಿವಾನಿ ಏಳಲಿಲ್ಲ. ಇನ್ನೊಂದು ಮುದ್ದೆ ನಾದಿದಳು.

ಒಳಗೆ ಕೂತಿದ್ದ ಭರಮವ್ವನಿಗೆ ಆ ಬಡಿತದ ಸಪ್ಪಳ ತಡೆಯಲಾಗಲಿಲ್ಲ. ನಡುವೆ ದಪ್ಪ, ಅಂಚು ಹರಿದಿದೆ... ನೋಡದೆಯೇ ತಿಳಿಯಿತು! ಸೊಸೆ ಸೋಲಲಿ ಎಂದುಕೊಂಡಿದ್ದವಳಿಗೆ ಕೆಟ್ಟ ರೊಟ್ಟಿ ಮಾತ್ರ ಸಹಿಸದಾಯಿತು.

“ಸರಿ ಆ ಕಡೆ! ಎಸರು ಆರಿದ ಮ್ಯಾಲ ಹಿಟ್ಟು ಕಲಸಿದ್ರ ಇನ್ನೇನಾಗತೈತಿ?”

ತಲೆ ತುಂಬ ಸೆರಗು ಹೊದ್ದು, ಬೀದಿಗೆ ಬೆನ್ನು ಮಾಡಿ ಕೂತಳು. ಹೊಸ ಎಸರು ಕುದಿಯಿತು. ರೊಟ್ಟಿ ಹಂಚಿನ ಮೇಲೆ ಉಬ್ಬಿತು, ಕರಿ ಗೋಡೆಯ ಮುಂದೆ ಬೆಳ್ಳಗೆ ಕಂಡಿತು. ಹೊರಟವರು ತಿರುಗಿ ಬಂದರು. ಸಿದ್ರಾಯ ಬಾಯಿಗಿಟ್ಟವನೇ ಕೂಗಿದ: “ಹಾಂ! ಇದು ನೋಡ್ರಿ, ಶೆಟ್ಟೆಪ್ಪನ ರೊಟ್ಟಿ!”

ಭರಮವ್ವನ ಕೈ ನಿಂತಿತು. ಮುದುಕಿ ನಿಧಾನವಾಗಿ ಎದ್ದು, ಕೂರುವ ಮಣೆಯನ್ನು ಒಲೆಯ ಆ ಬದಿಗೆ ಎಳೆದು, ಬೀದಿಗೆ ಮುಖ ಮಾಡಿ ಕೂತಳು. ಕಣ್ಣು ತುಂಬಿದ್ದವು. ದನಿ ಮಾತ್ರ ಗಟ್ಟಿಯಾಗಿತ್ತು.

“ಅವರು ಗಲ್ಲಾದ ಮುಂದ ಕುಂದರ್ತಿದ್ರು ಸಿದ್ರಾಯಪ್ಪ... ರೊಟ್ಟಿ ಬಡದಾಕಿ ನಾನು. ಭರಮವ್ವ!”

ಸಿದ್ರಾಯ ಎರಡೂ ಕೈ ಮುಗಿದ. “ಇಷ್ಟು ವರ್ಷ ನಿಮ್ಮ ಕೈಯಾಗ ಉಂಡೇನ್ರಿ ಯವ್ವಾ... ಮುಖ ನೋಡಿದ್ದಿಲ್ಲ.”

ಭರಮವ್ವ ಸೊಸೆಯ ಕಡೆ ತಿರುಗಿದಳು. “ಅಳಕೋತ ಏನ ನಿಂತೀ? ಎಸರು ಇಡು. ಸಂಜಿಕ ಆ ಕೆಂಪು ಅಂಚಿನ ಮ್ಯಾಲ ನನ್ನ ಹೆಸರು ಬರಿ. ದೊಡ್ಡದಾಗಿ ಬರಿ.”