ಹದಿನಾಲ್ಕನೇ ಎಪಿಸೋಡಿನ ತಪ್ಪು

"ಅಯ್ಯೋ!"

ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಅವಳು ಸ್ಟೂಲ್ ಹತ್ತಿ ಮೇಲಿನ ಕಪಾಟಿಗೆ ಕೈ ಚಾಚಿದ್ದಳು. ಸ್ಟೂಲ್ ಜಾರಿತು. ಅವಳು ಕಣ್ಣು ಮುಚ್ಚಿಕೊಂಡಳು.

ಆ ಅರೆಗಳಿಗೆಯಲ್ಲೂ ನೋಡಿದ ಕೊರಿಯನ್ ಡ್ರಾಮಾಗಳೆಲ್ಲ ನೆನಪಾದವು... ಈಗ ಹೀರೋ ಬರುತ್ತಾನೆ, ಸೊಂಟ ಹಿಡಿಯುತ್ತಾನೆ, ಕ್ಯಾಮೆರಾ ಸುತ್ತು ಹಾಕುತ್ತದೆ...

ಧೊಪ್!

ಯಾರೂ ಹಿಡಿಯಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ಲೈಟು ರಿಪೇರಿಗೆ ಬಂದಿದ್ದ ಎಲೆಕ್ಟ್ರಿಷಿಯನ್ ಗಾಜಿನ ಲೆನ್ಸುಗಳ ಡಬ್ಬವನ್ನು ಮಗುವಿನಂತೆ ಅಪ್ಪಿಕೊಂಡು ನಿಂತಿದ್ದ.

"ಏನ್ರೀ, ಮನುಷ್ಯರನ್ನ ಬಿಟ್ಟು ಡಬ್ಬ ಹಿಡಿದ್ರಲ್ಲ!"

"ನೀವು ಬೀಳ್ತಿದ್ದದ್ದು ನೆಲಕ್ಕೆ. ಇದು ಬೀಳ್ತಿದ್ದದ್ದು ನಿಮ್ಮ ತಲೆಗೆ. ನನಗಿರೋದು ಎರಡೇ ಕೈ ಮೇಡಂ."

ಸಿಟ್ಟು ಬರಬೇಕಿತ್ತು. ಆದರೆ ಎಷ್ಟೋ ದಿನದ ಮೇಲೆ, ಹೊಟ್ಟೆಯೊಳಗಿನಿಂದ ನಗು ಬಂತು.

ಗಂಡ ತೀರಿಕೊಂಡ ಮೇಲೆ ಅವಳ ಮನೆಯಲ್ಲಿ ಉಳಿದವರು ಇಬ್ಬರೇ, ಅವಳು ಮತ್ತು ಅವಳ ಅತ್ತೆ. ಊರಿಗೆಲ್ಲ ಕನ್ನಡಕ ಕೂರಿಸುವ ಸೊಸೆಗೆ ಅತ್ತೆಯ ಕಣ್ಣಿಗೆ ಮಾತ್ರ ಕನ್ನಡಕ ಸಿಗಲಿಲ್ಲ. ಕಣ್ಣಿನ ನರವೇ ಸೋತಿತ್ತು. ಟೀವಿಯಲ್ಲಿ ಓಡಾಡುವ ಬಣ್ಣಗಳು ಕಾಣುತ್ತಿದ್ದವು, ಕೆಳಗೆ ಬರುವ ಅಕ್ಷರಗಳು ಕಾಣುತ್ತಿರಲಿಲ್ಲ. ಅದಕ್ಕೇ ಸಂಜೆಯ ಕೆಲಸ ಮುಗಿಸಿ ಸೊಸೆ ಪಕ್ಕದಲ್ಲಿ ಕೂತು ಸಬ್‌ಟೈಟಲ್ ಗಟ್ಟಿಯಾಗಿ ಓದುವಳು.

ಓದಿದಷ್ಟೇ ಹೊತ್ತು ಜಗಳವೂ ನಡೆಯುತ್ತಿತ್ತು.

"ಕೊರಿಯಾದೋರದ್ದು ಬರೀ ಕೋಟು, ಕಾಫಿ, ಸೊಟ್ಟ ಮೋರೆ. ಚೀನಾದೋರ ಕಥೇಲಿ ನೋಡು, ಅಜ್ಜಿ ಇದ್ದಾಳೆ, ಚಿಕ್ಕಪ್ಪ ಇದ್ದಾನೆ, ಮನೆ ಅನ್ನೋದಿದೆ!"

"ಮನೆ ಇದೆ ಅತ್ತೆ, ಬಾಯಿ ಇಲ್ಲ. ಮೂರು ಜನ್ಮ ಕಾಯ್ತಾರೆ, ಒಂದು ಮಾತು ಹೇಳಲ್ಲ."

"ನಿನ್ನವರು ಹೇಳ್ತಾರಾ? ಹದಿನಾಲ್ಕನೇ ಎಪಿಸೋಡ್ ಬಂದ್ರೆ ಸಾಕು, 'ಅವನ ಒಳ್ಳೇದಕ್ಕೇ' ಅಂತ ಹೇಳದೆ ಕೇಳದೆ ಬಿಟ್ಟು ಹೋಗ್ತಾಳೆ!"

ಅಲ್ಲಿ ಮಾತ್ರ ಅವಳು ಸೋಲುತ್ತಿದ್ದಳು. ಈಚೆಗೆ ಬಂದ ಯಾವ ಕೊರಿಯನ್ ಡ್ರಾಮಾ ತೆಗೆದರೂ ಅದೇ ಗೋಳು. ಹದಿನಾರು ಎಪಿಸೋಡಿನ ಕಥೆಯಲ್ಲಿ ಮೊದಲೆಲ್ಲ ಜೇನು, ಕೊನೆಗೆ ಈ ಬೇವು. "ಬುದ್ಧಿಯಿಲ್ಲದವಳು! ಅವನನ್ನ ಒಂದು ಮಾತು ಕೇಳಬಾರದಾ?" ಎಂದು ಪ್ರತಿ ಸಲವೂ ಟೀವಿಗೆ ಬೈಯುವಳು.

ಟೀವಿಯ ಪ್ಲಗ್ ಸುಟ್ಟುಹೋದ ದಿನ ಅದೇ ಎಲೆಕ್ಟ್ರಿಷಿಯನ್ ಮನೆಗೆ ಬಂದ. ಅವಳಿಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು.

"ಏನಪ್ಪಾ ಕರೆಂಟಪ್ಪ, ಓದೋಕೆ ಬರುತ್ತಾ? ಹಾಗಾದ್ರೆ ಕೂತ್ಕೋ," ಎಂದರು ಅತ್ತೆ.

ಕೂತ. ಅರಮನೆಯ ದೃಶ್ಯ ನೋಡಿ ಮೊದಲ ಮಾತೇ, "ಒಂದೇ ಮೇಣದಬತ್ತಿಗೆ ಇಷ್ಟು ಬೆಳಕಾ? ವೈರಿಂಗ್ ಎಲ್ಲೋ ಮುಚ್ಚಿಟ್ಟಿದ್ದಾರೆ ಅಮ್ಮಾ!"

ಅತ್ತೆ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಅವನು ಭಾನುವಾರ ಭಾನುವಾರ ಬರತೊಡಗಿದ. ಗಂಟಲು ವಾಸಿಯಾದ ಮೇಲೆ ಪಾಲು ಹಂಚಿಕೆಯಾಯಿತು. ಗಂಡಸರ ಮಾತು ಅವನಿಗೆ, ಹೆಂಗಸರ ಮಾತು ಅವಳಿಗೆ.

ಒಂದು ಭಾನುವಾರ ಅವನು ಓದಿದ. "ಎಷ್ಟು ದೂರವಾದರೂ ಸರಿ, ನಿನ್ನ ಜೊತೆ ನಡೆಯುತ್ತೇನೆ."

ಅಕ್ಷರ ಮಾಯವಾಯಿತು. ಅವನ ಕಣ್ಣು ಟೀವಿಯ ಮೇಲಿರಲಿಲ್ಲ... ಅವಳು ತನ್ನ ಸಾಲು ಓದಲು ಮರೆತಳು.

"ಏನಂದಳು? ಹುಡುಗಿ ಏನಂದಳು?" ಅತ್ತೆ ಅವಸರಿಸಿದರು.

"ಏನೂ... ಏನೂ ಹೇಳಲಿಲ್ಲ ಅತ್ತೆ."

ಹೊರಡುವಾಗ ಅವನು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ. "ಮುಂದಿನ ವಾರ ಒಂದು ಮಾತು ಕೇಳಬೇಕು. ಅಮ್ಮನ ಎದುರೇ ಕೇಳ್ತೀನಿ."

ಆ ವಾರವೆಲ್ಲ ಅವಳಿಗೆ ನೆಲದ ಮೇಲೆ ಕಾಲಿಲ್ಲ!

ಆದರೆ ಗುರುವಾರ, ಪಾತ್ರೆ ತೊಳೆಯುತ್ತಿದ್ದವಳ ಕಿವಿಗೆ ಅತ್ತೆಯ ಮಾತು ಬಿತ್ತು. ಪಕ್ಕದ ಮನೆಯಾಕೆಯ ಜೊತೆ ಅವರು ಆಗತಾನೇ ಮುಗಿದ ಚೀನೀ ಡ್ರಾಮಾದ ಮಾತಾಡುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವ ಮನೆತನದ ವಿಧವೆ ಸೊಸೆ, ಕೊನೆಗೆ ವೈದ್ಯನೊಬ್ಬನ ಜೊತೆ ಹೊರಟುಹೋಗುವ ಕಥೆ ಅದು.

"ಆ ಸೊಸೆ ಮಾಡಿದ್ದು ತಪ್ಪು ಕಣ್ರೀ. ನಾನಂತೂ ಕ್ಷಮಿಸಲ್ಲ!"

ಅವಳು ನಲ್ಲಿ ನಿಲ್ಲಿಸಿದಳು.

'ಮಗನನ್ನು ಕಳೆದುಕೊಂಡ ಜೀವ... ಆ ಕಣ್ಣಲ್ಲಿ ನೀರು ತರಿಸಿ ನನಗೆ ಯಾವ ಸುಖ ಬೇಕು?'

ಮಾರನೇ ದಿನ ಅಂಗಡಿಯ ಮುಂದೆ ಅವನು ಸಿಕ್ಕಾಗ ಮುಖ ನೋಡದೆ ಹೇಳಿದಳು. "ಭಾನುವಾರ ಬರಬೇಡಿ. ನಮ್ಮ ಮನೇಲಿ ಇನ್ನು ಯಾವ ರಿಪೇರಿಯೂ ಇಲ್ಲ."

"ನಾನೇನಾದ್ರೂ ತಪ್ಪು ಮಾತಾಡಿದ್ನಾ?"

"ಇಲ್ಲ. ಅಷ್ಟೇ."

"ಸರಿ ಮೇಡಂ," ಎಂದು ಅವನು ಚೀಲ ಹೆಗಲಿಗೇರಿಸಿ ಹೊರಟುಹೋದ.

ಭಾನುವಾರ ಬಂತು. ಅವನು ಬರಲಿಲ್ಲ. ಹೊಸ ಕೊರಿಯನ್ ಡ್ರಾಮಾದ ಹದಿನಾಲ್ಕನೇ ಎಪಿಸೋಡ್. ನಾಯಕಿ ಕಾರಣ ಹೇಳದೆ ನಾಯಕನನ್ನು ದೂರ ಮಾಡಿದಳು.

"ಬೈಯಮ್ಮ!" ಎಂದರು ಅತ್ತೆ. "ಯಾವಾಗಲೂ ನೀನೇ ತಾನೇ ಬೈಯೋದು?"

ಅವಳು ಬೈಯದೆ ಮುಂದಿನ ಸಾಲು ಓದಿದಳು.

ಅತ್ತೆ ಕೈಯಾಡಿಸಿ ರಿಮೋಟ್ ಹುಡುಕಿ ಟೀವಿ ಆರಿಸಿದರು. "ಕರೆಂಟಪ್ಪನಿಗೆ ಏನಂದೆ?"

"ಅತ್ತೆ..."

"ಕಣ್ಣು ಹೋಗಿದೆ ಕಣೇ, ಕಿವಿ ಹೋಗಿಲ್ಲ. ಅವನು ಓದೋದು ಯಾರಿಗೋಸ್ಕರ ಅಂತ ನನಗೆ ಕೇಳಿಸಲ್ವಾ?"

ಕಟ್ಟೆಯೊಡೆಯಿತು. "ನೀವೇ ಅಂದ್ರಲ್ಲ, ಆ ಸೊಸೆ ಮಾಡಿದ್ದು ತಪ್ಪು ಅಂತ! ಕ್ಷಮಿಸಲ್ಲ ಅಂತ!"

"ತಪ್ಪೇ!" ಅತ್ತೆಯ ದನಿ ಏರಿತು. "ಅತ್ತೆ ಬೇಡ ಅಂತಾಳೆ ಅಂತ ತಾನೇ ತೀರ್ಮಾನ ಮಾಡಿಕೊಂಡು, ಬೆಳಗಾಗೋ ಮುಂಚೆ ಕದ್ದು ಹೋದಳಲ್ಲ. ಬಾಗಿಲಲ್ಲಿ ನಿಂತು ಹರಸಿ ಕಳಿಸೋ ಭಾಗ್ಯ ಆ ಮುದುಕಿಗೆ ಯಾಕೆ ಕೊಡಲಿಲ್ಲ? ಅಷ್ಟು ವರ್ಷ ಜೊತೆಗಿದ್ದು, ಅವಳ ಮನಸ್ಸು ಅಷ್ಟು ಸಣ್ಣದು ಅಂದುಕೊಂಡಳಾ?"

ಅವಳು ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಆ ಒರಟು ಕೈ ಅವಳ ತಲೆ ಸವರಿತು.

"ಅಳು ಸಾಕು. ಬೇರೆಯವರಿಗೆ ಬೈಯೋದು ಸುಲಭ. ಈಗ ಎದ್ದು ಹೋಗು."

ಅವಳು ಕಣ್ಣೊರೆಸಿಕೊಂಡಳು. 'ಹದಿನಾಲ್ಕನೇ ಎಪಿಸೋಡನ್ನ ನಾನೇ ಬರೆದೆ. ನಾನೇ ಮುಗಿಸ್ತೀನಿ!'

ಭಾನುವಾರ ರಜೆಯಾದ್ದರಿಂದ ಅವನು ಶಾಲೆಯೊಂದರ ಸಭಾಂಗಣದಲ್ಲಿ ದೀಪ ಕೂರಿಸುತ್ತಿದ್ದಾನೆಂದು ಕನ್ನಡಕದ ಅಂಗಡಿಯ ಮಾಲೀಕರು ಫೋನಿನಲ್ಲಿ ಹೇಳಿದರು. ಅವಳು ನಡೆದಳೋ ಓಡಿದಳೋ!

ಖಾಲಿ ಕುರ್ಚಿಗಳ ನಡುವೆ ಎತ್ತರದ ಏಣಿ, ಅದರ ತುದಿಯಲ್ಲಿ ಅವನು. ಅವಳನ್ನು ಕಂಡವನೇ ಇಳಿಯಲು ಕಾಲಿಟ್ಟ.

"ಇಳೀಬೇಡಿ!" ಅವಳು ಏಣಿಯನ್ನು ಎರಡೂ ಕೈಯಿಂದ ಹಿಡಿದಳು. "ಅಲ್ಲೇ ಇರಿ. ಹತ್ತಿರ ಬಂದ್ರೆ ನನಗೆ ಮಾತು ಬರಲ್ಲ. ಓದೋಕೆ ಕೆಳಗೆ ಅಕ್ಷರ ಬೇರೆ ಇಲ್ಲ."

ಅವನು ಅಲ್ಲೇ ನಿಂತ.

"ನಾನು ಹೇಳಿದ್ದು ಸುಳ್ಳು. ಅತ್ತೆಗೆ ನೋವಾಗುತ್ತೆ ಅಂತ ನಾನೇ ಅಂದುಕೊಂಡೆ. ಅವರನ್ನೂ ಕೇಳಲಿಲ್ಲ, ನಿಮ್ಮನ್ನೂ ಕೇಳಲಿಲ್ಲ. ನನಗೆ... ನನಗೆ ನೀವು ಬೇಕು. ಬರೀ ಭಾನುವಾರ ಅಲ್ಲ, ಎಲ್ಲಾ ದಿನ. ಆದ್ರೆ ಒಂದು ಮಾತು. ಅತ್ತೆ ನನ್ನ ಜೊತೇನೇ ಇರ್ತಾರೆ."

ಅವನು ಏಣಿಯ ಮೇಲಿನಿಂದ ಬಗ್ಗಿ ಅವಳನ್ನು ನೋಡಿದ.

"ಅಮ್ಮ ಇಲ್ಲದಿದ್ರೆ ಚೀನಾದೋರ ಕಥೇಲಿ ಆ ಚಿಕ್ಕಪ್ಪಂದಿರೆಲ್ಲ ಯಾರು ಯಾರಂತ ನನಗೆ ಹೇಳಿಕೊಡೋರು ಯಾರು?"

ಅಳುವಿನ ಮಧ್ಯೆಯೇ ಅವಳು ನಕ್ಕಳು. "ಏನೋ ಕೇಳಬೇಕು ಅಂದಿದ್ರಲ್ಲ..."

"ಅದನ್ನ ಅಮ್ಮನ ಎದುರೇ ಕೇಳೋದು. ಮಾತು ಕೊಟ್ಟಿದ್ದೀನಿ. ಇವತ್ತೇ ಬರ್ತೀನಿ." ಅವನ ದನಿ ಮೆತ್ತಗಾಯಿತು. "ಈಗ ಇಳೀಲಾ?"

ಅವಳು ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಇಳೀರಿ. ನಾನು ಹಿಡ್ಕೊಂಡಿದ್ದೀನಿ."