ಮುತ್ತವ್ವ ಕೊಡದ ರಾಜೀನಾಮೆ

ಮಂಗಳವಾರ ರಾತ್ರಿ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಪೊಲೀಸ್ ವಸತಿಗೃಹದ ಬಾಗಿಲನ್ನು ಯಾರೋ ಮೂರು ಸಲ ಬಡಿದರು. ಇನ್ಸ್‌ಪೆಕ್ಟರ್ ಮಾಳಿಂಗರಾಯ ಉಣ್ಣುವುದನ್ನು ಬಿಟ್ಟೆದ್ದು ಚಿಲಕ ತೆಗೆದರು. ಹೊರಗೆ ನಿಂತಿದ್ದ ನಲವತ್ತೈದರ ಹೆಂಗಸು ತನ್ನ ಮೊಬೈಲನ್ನು ಅವರ ಮುಂದೆ ಚಾಚಿದಳು.

ಪರದೆಯ ಮೇಲೆ ಒಂದೇ ಸಾಲು: 'ನಿಮ್ಮ ರಾಜೀನಾಮೆ ಅಂಗೀಕಾರವಾಗಿದೆ.'

"ಯಾರದಿದು?"

"ನಂದಂತ್ರಿ," ಎಂದಳು ಮುತ್ತವ್ವ. "ನಾ ಕೊಟ್ಟಿಲ್ರಿ ಸಾಹೇಬ್ರ."

ಅವಳ ಹಿಂದೆ ನಿಂತಿದ್ದವಳು ಓಣಿಯ ಗೆಳತಿ ಶಂಕ್ರೆವ್ವ. "ಪೊಲೀಸ್ರ ಕಡಿ ಯಾಕ, ಮುಂಜಾನಿ ಮಾಲಕ್ರನ್ನ ಕೇಳೂಣು ಅಂದೆ ರೀ. ಕೇಳವಲ್ಲಳು," ಎಂದು ಅವಳು ಸೆರಗು ಸರಿಪಡಿಸಿಕೊಂಡಳು.

ಇಬ್ಬರೂ ಬೆಟಗೇರಿಯ ರೊಟ್ಟಿ ಕಂಪನಿಯ ಕೆಲಸಗಾರ್ತಿಯರು. ಲಕ್ಷ್ಮೇಶ್ವರದಲ್ಲಿ ತೆರೆಯಲಿದ್ದ ಹೊಸ ಘಟಕಕ್ಕೆ ಮುತ್ತವ್ವ ಮುಖ್ಯಸ್ಥೆಯಾಗಿ ಹೋಗುವವಳಿದ್ದಳು. ಹದಿನೆಂಟು ವರ್ಷ ಒಲೆಯ ಮುಂದೆ ಕುಳಿತವಳಿಗೆ ಮೊದಲ ಸಲ ಕುರ್ಚಿ ಒದಗಿತ್ತು. ಮಾಲೀಕ ಲೋಹಿತ ಗುರುವಾರ ಹೆಸರನ್ನು ಅಂತಿಮಗೊಳಿಸಲಿದ್ದ. ಅಷ್ಟರೊಳಗೆ ರಾಜೀನಾಮೆ ಸುಳ್ಳೆಂದು ಸಾಬೀತಾಗದಿದ್ದರೆ ಅವಳಿಗೆ ಕುರ್ಚಿಯೂ ಇಲ್ಲ, ಒಲೆಯೂ ಇಲ್ಲ.

ಜೂನ್ 11, ಬುಧವಾರ ಬೆಳಿಗ್ಗೆ 8.30ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. 10.15ಕ್ಕೆ ಮಾಳಿಂಗರಾಯರೂ ಮಹಿಳಾ ಕಾನ್‌ಸ್ಟೆಬಲ್ ರೇಷ್ಮಾಳೂ ಕಂಪನಿಯ ಅಂಗಳದಲ್ಲಿದ್ದರು.

ಆರು ಒಲೆಗಳಿಂದ ಆರಂಭವಾದ ಕಂಪನಿಯಲ್ಲಿ ಈಗ ನೂರಾ ನಲವತ್ತು ಹೆಂಗಸರಿದ್ದರು. ಹಾಜರಿ ಪುಸ್ತಕ ಇನ್ನು ಸಾಲದೆಂದು ಏಳು ತಿಂಗಳ ಹಿಂದೆ ಸಿಬ್ಬಂದಿ ನಿರ್ವಹಣೆಯ ಸಾಫ್ಟ್‌ವೇರ್ ತರಿಸಿದ್ದರು. ಹಾಜರಿಯಾಗಲಿ, ರಜೆಯಾಗಲಿ, ರಾಜೀನಾಮೆಯಾಗಲಿ, ಬಾಗಿಲ ಬಳಿಯ ಯಂತ್ರದ ಮೇಲೆ ಬೆರಳೊತ್ತಿ ಪರದೆಯ ಚಿತ್ರ ಮುಟ್ಟಿದರೆ ಕೆಲಸ ಮುಗಿಯುತ್ತಿತ್ತು. ಓದು ಬರುವ ಅಗತ್ಯವೇ ಇರಲಿಲ್ಲ.

"ಸೋಮವಾರ ಸಂಜಿ 5.42ಕ್ಕ ಬಂದೈತ್ರಿ ಸರ್," ಎಂದಳು ಸಿಬ್ಬಂದಿ ವಿಭಾಗದ ಶಿವರಂಜನಿ. "ಪಾಸ್‌ವರ್ಡ್ ಆದ್ರ ಕದೀಬಹುದು. ಬೆರಳು ಹೆಂಗ ಕದೀತಾರ?"

"ಮುತ್ತವ್ವ, ಒಂದ್ಸಲ ಒತ್ತವಾ."

ಮುತ್ತವ್ವ ಹಿಂಜರಿಯುತ್ತಲೇ ಬೆರಳಿಟ್ಟಳು. ಕೆಂಪು ದೀಪ ಹತ್ತಿತು. 'ಮತ್ತೊಮ್ಮೆ ಪ್ರಯತ್ನಿಸಿ,' ಎಂದಿತು ಯಂತ್ರ. ಹತ್ತೂ ಬೆರಳಿಗೂ ಅದೇ ಉತ್ತರ. ಮಾಳಿಂಗರಾಯರು ಅವಳ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದರು. ಜೋಳದ ಹಿಟ್ಟು ಬಡಿದು ಬಡಿದು, ಕಾದ ಹಂಚಿನ ಬಿಸಿ ತಾಗಿ ತಾಗಿ, ಬೆರಳ ತುದಿಗಳು ನುಣುಪಾಗಿ ಹೋಗಿದ್ದವು. ಒಂದು ಗೆರೆಯೂ ಉಳಿದಿರಲಿಲ್ಲ.

"ಏಳು ತಿಂಗಳಿಂದ ಈಕಿ ಹಾಜರಿ ಒಂದಿನಾನೂ ತಪ್ಪಿಲ್ಲಲ್ರಿ!" ಎಂದಳು ಶಿವರಂಜನಿ.

"ಹಂಗಾದ್ರ ಯಾರ ಬೆರಳವಾ ಅದು?"

ಮುತ್ತವ್ವ ನೆಲ ನೋಡಿದಳು. "ಹೇಳಿದ್ರ ಆಕಿ ಕೆಲಸಾನೂ ಹೋಗ್ತೈತ್ರಿ. ನನಗ ಉಪಕಾರ ಮಾಡ್ಯಾಳ. ಇಂಥಾದ್ದು ಮಾಡಾಕಿ ಅಲ್ರಿ ಆಕಿ."

ಅಷ್ಟು ಹೇಳಿ ಅವಳು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಬಡ್ತಿಯ ಪಟ್ಟಿಯಲ್ಲಿ ಮುತ್ತವ್ವಳ ನಂತರದ ಹೆಸರು ಪ್ಯಾಕಿಂಗ್ ವಿಭಾಗದ ಕಾವೇರಿಯದು. ಮುತ್ತವ್ವ ಹೋದರೆ ಕುರ್ಚಿ ಕಾವೇರಿಗೇ. 11.20ಕ್ಕೆ ಕಾವೇರಿಯ ವಿಚಾರಣೆ ಆರಂಭವಾಯಿತು.

"ಸೋಮವಾರ ಎಲ್ಲಿದ್ದಿ?"

"ಲಕ್ಷ್ಮೇಶ್ವರದ ಕಡಿ ಮಾಗಡಿಗೆ, ಅಕ್ಕನ ಮನಿಗೆ ಹೋಗಿದ್ದೆ ರೀ. ರಜಾ ಹಾಕೀನಿ, ಮಶೀನಿಗೇ ಕೇಳ್ರಿ."

"ಬ್ಯಾರೇದವ್ರ ಹಾಜರಿ ಒತ್ತೀಯೇನು?"

ಕಾವೇರಿ ಶಿವರಂಜನಿಯತ್ತ ಕಳ್ಳನೋಟ ಬೀರಿದಳು. "ಒಂಬತ್ತು ಮಂದೀದು ರೀ. ಒಲಿ ಮುಂದಿನವ್ರ ಬೆರಳು ತಗೊಳ್ಳೂದಿಲ್ಲ ಅದು. ಅದಕ ಮಶೀನಿಗೆ ಹೆಸರು ಹಚ್ಚೂ ದಿನಾನ ಒಂದೊಂದು ಬೆರಳು ಒಬ್ಬೊಬ್ಬಾಕಿಗೆ ಹಂಚೀನಿ. ಬಲಗೈ ಹೆಬ್ಬಟ್ಟಷ್ಟ ನಂದು."

ರೇಷ್ಮಾ ನಗು ತಡೆಯಲಾರದೆ ಕೆಮ್ಮಿದಳು.

"ನೀ ರಜಾ ಹಾಕಿದ್ರ?"

"ಒಂಬತ್ತೂ ಮಂದಿ ರಜಾ ರೀ."

"ಅಯ್ಯ ನನ್ನ ಕರ್ಮ! ಸೋಮವಾರ ಎಲ್ಲಾರಿಗೂ ಜ್ವರ ಅಂತ ಬರಕೊಂಡೀನಲ್ಲೇ ನಾ!" ಎಂದು ಶಿವರಂಜನಿ ಹಣೆ ಚಚ್ಚಿಕೊಂಡಳು.

ಮಾಳಿಂಗರಾಯರು ನಗಲಿಲ್ಲ. ಸೋಮವಾರ ಮುತ್ತವ್ವಳ ಹಾಜರಿ ಬಿದ್ದಿತ್ತು. ಅಂದರೆ ಅವಳಿಗೆ ಬೆರಳು ಕೊಟ್ಟವಳು ಕಾವೇರಿಯಲ್ಲ. ಇಬ್ಬರ ಹಾಜರಿ ಒತ್ತುವವಳು ಯಂತ್ರದ ಮುಂದೆ ಎರಡು ಸಲ ಬಂದು ನಿಲ್ಲುವುದಿಲ್ಲ. ಒಂದೇ ಸಲಕ್ಕೆ ಎರಡೂ ಕೈಯೊಡ್ಡಿ ಹೋಗುತ್ತಾಳೆ.

"ಏಳು ತಿಂಗಳದ ಹಾಜರಿ ತಗೀರಿ," ಎಂದರು. "ಮುತ್ತವ್ವನ ಹಾಜರಿಗೆ ಅರ್ಧ ನಿಮಿಷ ಹಿಂದ ಮುಂದ ದಿನಾ ಯಾರ ಹೆಸರು ಬೀಳತೈತಿ?"

ಶಿವರಂಜನಿಯ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಪರದೆಯ ಮೇಲೆ ಒಂದೇ ಒಂದು ಹೆಸರು ಮೂಡಿತು. ಮಾಳಿಂಗರಾಯರು ಅದನ್ನು ಓದಿ, ಬಾಗಿಲಲ್ಲಿ ನಿಂತಿದ್ದ ಮುತ್ತವ್ವಳನ್ನು ಒಮ್ಮೆ ನೋಡಿ, ರೇಷ್ಮಾಳನ್ನು ಹಿಟ್ಟಿನ ಕೋಣೆಗೆ ಕಳಿಸಿದರು.

12.40ಕ್ಕೆ ಇಬ್ಬರು ಪಂಚರ ಸಮಕ್ಷಮದಲ್ಲಿ ಒಬ್ಬ ಹೆಂಗಸು ಎಡಗೈಯ ತೋರುಬೆರಳನ್ನು ಯಂತ್ರದ ಮೇಲಿಟ್ಟಳು. ಹಸಿರು ದೀಪ ಹತ್ತಿತು.

'ಸ್ವಾಗತ, ಮುತ್ತವ್ವ.'

ಪಂಚನಾಮೆಯ ಬಳಿಕ ಅವಳು ಕೊಟ್ಟ ಹೇಳಿಕೆ ಉದ್ದನೆಯದಲ್ಲ.

"ಹೊಗಿಗೆ ಕಣ್ಣು ಕೆಟ್ಟು ಎರಡು ವರ್ಷದ ಹಿಂದ ಒಲಿ ಬಿಟ್ಟೆ ರೀ. ಹಿಟ್ಟು ಸಾಣಿಸಾಕ ಹಚ್ಚಿದ್ರು. ಕೈ ಮೆತ್ತಗಾಗಿ ಬೆರಳಿಗೆ ಹೊಳ್ಳಿ ಗೆರಿ ಬಂದ್ವು. ಆಕಿಗೆ ರೊಟ್ಟಿ ಬಡಿಯಾಕ ಕಲಿಸಿದಾಕಿ ನಾ. ದಿನಾ ಆಕಿ ಹಾಜರಿ ಒತ್ತಿದಾಕೀನೂ ನಾ. ಗ್ವಾಡಿ ಮ್ಯಾಲಿನ ಟಿವ್ಯಾಗ ಪ್ರತಿ ತಿಂಗಳಾ ಆಕಿ ಫೋಟೋ ಬರ್ತಿತ್ತು, ಒಂದಿನಾನೂ ತಪ್ಪದಾಕಿ ಅಂತ. ನನ್ನ ಬೆರಳಿಲೇ ಬಂದ ಹೆಸರು ರೀ ಅದು! ಆ ಕುರ್ಚಿ ನನಗ ಬರ್ಲಿ ಅಂತ ಮಾಡ್ಲಿಲ್ಲ, ನನಗ ಯಾರು ಕೊಡ್ತಾರ? ಆಕಿ ಅದರಾಗ ಕುಂತದ್ದು ನೋಡೂದು ನನ್ನ ಕೈಲೆ ಆಗ್ತಿದ್ದಿಲ್ಲ. ರಾಜೀನಾಮಿ ಚಿತ್ರ ಒತ್ತಿಬಿಟ್ಟೆ."

ಲೋಹಿತ ಅಲ್ಲೇ ರಾಜೀನಾಮೆಯನ್ನು ರದ್ದುಪಡಿಸಿ ಲಕ್ಷ್ಮೇಶ್ವರದ ಆದೇಶಕ್ಕೆ ಸಹಿ ಹಾಕಿದ. ಮುತ್ತವ್ವ ಆ ಕಾಗದವನ್ನು ತೆಗೆದುಕೊಂಡಳೇ ಹೊರತು ಅದರತ್ತ ನೋಡಲಿಲ್ಲ.

ರೇಷ್ಮಾ ಬಂಧನದ ನಮೂನೆ ಬಿಡಿಸಿ ಪೆನ್ನು ಹಿಡಿದಳು. "ಆರೋಪಿ ಹೆಸರು, ಸರ್?"

ಮಾಳಿಂಗರಾಯರು ಬಾಯಿ ತೆರೆಯುವ ಮೊದಲೇ ಬಾಗಿಲ ಕಡೆಯಿಂದ ಮುತ್ತವ್ವಳ ದನಿ ಬಂತು:

"ಶಂಕ್ರೆವ್ವ ಅಂತ ಬರಕೋರಿ."