ಚರ್ಚಾಪುಟದಲ್ಲಿ ಒಂದು ಸಾಲು

ನಮ್ಮ ಮೊದಲ ಜಗಳ ಅವನ ಅಪ್ಪನ ವಿನಯದ ಬಗ್ಗೆ.

ಎಲ್ಲರೂ ಸೇರಿ ಬರೆಯುವ ಆನ್‌ಲೈನ್ ವಿಶ್ವಕೋಶವೊಂದರಲ್ಲಿ ನಾನು ಒಂಬತ್ತು ವರ್ಷದಿಂದ ಲೇಖನ ತಿದ್ದುತ್ತಿದ್ದೇನೆ. ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ. ಹೊಗಳಿಕೆ ಕಂಡಲ್ಲೆಲ್ಲ ಕತ್ತರಿಸುತ್ತೇನೆಂದು ಅಲ್ಲಿ ನನಗೆ ಕತ್ತರಿ ಎಂದೇ ಹೆಸರು. ಒಂದು ದಿನ, ನಲವತ್ತು ವರ್ಷ ಕೈಯಾರೆ ಗಾಜು ಉಜ್ಜಿ ಶಾಲೆಗಳಿಗೆ ಟೆಲಿಸ್ಕೋಪ್ ಮಾಡಿಕೊಟ್ಟು ತೀರಿಹೋದ ಒಬ್ಬರ ಬಗ್ಗೆ ಹೊಸ ಲೇಖನ ಬಂತು. 'ವಿನಯದ ಸಾಕಾರಮೂರ್ತಿ' ಎಂಬಲ್ಲಿಂದ ಹಿಡಿದು ಹದಿನಾರು ವಿಶೇಷಣ ತೆಗೆದೆ.

ಲೇಖನದ ಜೊತೆಗಿರುವ ಚರ್ಚಾಪುಟದಲ್ಲಿ ಬರೆದವನ ಉತ್ತರ ಬಂತು.

"ನಮ್ಮಪ್ಪನಿಗೆ ವಿನಯ ಇರ್ಲಿಲ್ಲ ಅನ್ನೋಕೆ ನೀವ್ಯಾರ್ರೀ?"

"ಇತ್ತು ಅನ್ನೋಕೆ ಮೂಲ ಎಲ್ಲಿದೆ?"

"ಮೂಲ ನಾನೇ. ಮಗ."

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇಲ್ಲಿ ಹೆಗ್ಗಣಕ್ಕೇ ಹೆತ್ತವರು ಮುದ್ದು ಎಂದು ಬರೆದುಬಿಟ್ಟೆ. ಬರೆದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಉತ್ತರಕ್ಕೆ ನಗುವ ಮುಖದ ಇಮೋಜಿ ಹಾಕಿದ.

ಅವನಿಗೆ ನಿಯಮ ಹೇಳಿಕೊಟ್ಟೆ. ನಮ್ಮವರ ಬಗ್ಗೆ ನಾವೇ ಬರೆಯಬಾರದು. ಸಂಬಂಧ ಏನೆಂದು ಮೊದಲು ಚರ್ಚಾಪುಟದಲ್ಲಿ ಘೋಷಿಸಬೇಕು, ಬೇಕಾದ ಬದಲಾವಣೆಯನ್ನು ಅಲ್ಲೇ ಕೇಳಬೇಕು. ಸಂಬಂಧವಿಲ್ಲದವರು ತೂಗಿ ನೋಡಿ ಸೇರಿಸುತ್ತಾರೆ. ಅವನು ಕೇಳುತ್ತಿದ್ದ, ನಾನು ಸೇರಿಸುತ್ತಿದ್ದೆ.

ಅವನ ಬಳಿ ಇದ್ದ ಗಟ್ಟಿ ಮೂಲ ಒಂದೇ, ಹಳೆಯ ಪತ್ರಿಕೆಯ ಒಂದು ಪುಟ. ಅದನ್ನು ನೋಡಲು ಅವನ ಕನ್ನಡಕದ ಅಂಗಡಿಗೆ ಹೋದೆ. ನಮ್ಮ ಮನೆಯಿಂದ ಬಸ್ಸಿನಲ್ಲಿ ಎರಡೇ ಸ್ಟಾಪ್. ಮೂಲೆಯ ಸ್ಟೂಲಿನ ಮೇಲೆ ಅವನ ಅಮ್ಮ ಫ್ರೇಮ್ ಒರೆಸುತ್ತ ಕೂತಿದ್ದರು.

"ನಮ್ಮನೆಯವರು ಅದರಲ್ಲಿ ಬರ್ತಾರೇನಮ್ಮ?"

"ಬಂದಿದ್ದಾರೆ. ಇನ್ನು ಉಳೀಬೇಕು."

"ಅಲ್ಲಾದ್ರೂ ಉಳೀಲಿ," ಎಂದು ಮತ್ತೆ ಒರೆಸತೊಡಗಿದರು.

ನಾನು ಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿದು ಓದುವುದನ್ನು ಅವನು ನೋಡುತ್ತಿದ್ದ.

"ಕತ್ತರಿ ಮೇಡಂ, ಊರೋರ ತಪ್ಪೆಲ್ಲ ಹುಡುಕ್ತೀರಿ. ಕಣ್ಣು ಟೆಸ್ಟ್ ಮಾಡ್ಸಿ ಎಷ್ಟು ವರ್ಷ ಆಯ್ತು?"

ಒಳಕೋಣೆಯಲ್ಲಿ ಕೂರಿಸಿ ಒಂದೊಂದೇ ಗಾಜು ಬದಲಿಸಿದ. "ಇದು ಚೆನ್ನಾಗಿ ಕಾಣುತ್ತಾ, ಇದಾ?" ಮೊದಲು ಗೋಡೆಯ ಅಕ್ಷರಗಳು ಕಂಡವು, ಆಮೇಲೆ ಅಕ್ಷರದ ಪಕ್ಕ ಅವನ ಮುಖ. ಎಡಗಣ್ಣಿನ ಕೆಳಗೆ ಸಣ್ಣ ಮಚ್ಚೆ. ಇನ್ನೊಂದು ಗಾಜು ಹಾಕಲಿ ಎಂದು ಬೇಕೆಂದೇ ತಪ್ಪು ಓದಿದೆ. ಅವನಿಗೆ ಗೊತ್ತಾಯಿತು. ಆದರೂ ಹಾಕಿದ.

ಫ್ರೇಮ್ ಆರಿಸಲೆಂದು ನಾಲ್ಕು ಸಲ ಹೋದೆ. ಯಾರೂ ಅದಕ್ಕಾಗಿ ನಾಲ್ಕು ಸಲ ಹೋಗುವುದಿಲ್ಲ, ಅದು ನಮ್ಮಿಬ್ಬರಿಗೂ ತಿಳಿದಿತ್ತು. ಪ್ರೀತಿ ಎಂಬ ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ.

ಅಷ್ಟರಲ್ಲಿ ಹಿರಿಯ ಸಂಪಾದಕರೊಬ್ಬರು ಲೇಖನವನ್ನು ಅಳಿಸುವ ಚರ್ಚೆಗೆ ಹಾಕಿದರು. ಒಂದೇ ಮೂಲ ಸಾಲದು ಎಂಬುದು ಅವರ ವಾದ. ವಾರದ ಕೊನೆಗೆ ಉಳಿಸಿ ಎಂದವರು ಮೂವರು, ಅಳಿಸಿ ಎಂದವರು ಮೂವರು.

"ನೀವೊಂದು ಮಾತು ಹೇಳಿದ್ರೆ ಉಳಿಯುತ್ತೆ," ಎಂದ ಅವನು. "ಅಮ್ಮ ದಿನಾ ಕೇಳ್ತಾಳೆ."

ಹೇಳಬಹುದಿತ್ತು. ನಮ್ಮಿಬ್ಬರ ವಿಷಯ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಸಂಬಂಧ ಮುಚ್ಚಿಟ್ಟು ಬರೆದ ಎಷ್ಟೋ ಜನರನ್ನು ಇದೇ ಕತ್ತರಿ ಹೊರಗೆ ಕಳಿಸಿತ್ತು. ಶಾಸ್ತ್ರ ಹೇಳಿ ಬದನೆಕಾಯಿ ತಿನ್ನುವುದು ನನ್ನಿಂದಾಗಲಿಲ್ಲ. ಚರ್ಚಾಪುಟದಲ್ಲಿ ಬರೆದೆ: 'ಈ ಲೇಖನದ ವ್ಯಕ್ತಿಯ ಮಗನನ್ನು ನಾನು ಪ್ರೀತಿಸುತ್ತೇನೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಪರಿಗಣಿಸಬೇಡಿ.'

ಅಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡಿದ್ದೆ. ಹಾಗಾದರೆ ಇವರು ಸೇರಿಸಿದ್ದನ್ನೆಲ್ಲ ನಂಬುವುದು ಹೇಗೆ ಎಂದು, ಉಳಿಸಿ ಎಂದಿದ್ದವರಲ್ಲೇ ಇಬ್ಬರು ಮಾತು ಬದಲಿಸಿದರು. ಮಾರನೆಯ ದಿನ ಲೇಖನ ಹೋಯಿತು.

ಅಂಗಡಿಗೆ ಹೋದಾಗ ಅವನು ನನ್ನ ಕನ್ನಡಕ ಸಿದ್ಧ ಮಾಡಿಟ್ಟಿದ್ದ.

"ಊರಿಗೆಲ್ಲ ಹೇಳಿದ್ರಿ," ಎಂದ, ಅಮ್ಮನಿಗೆ ಕೇಳಿಸದ ಹಾಗೆ. "ನನಗೊಂದು ಮಾತು ಹೇಳ್ಲಿಲ್ಲ."

"ನಿಮ್ಮೆದುರಿಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

"ಅಲ್ಲಿ ಹೇಗೆ ಬಂತು?"

"ಅಲ್ಲಿ ನಿಯಮ ಇತ್ತು."

ಅವನು ನಗಲು ನೋಡಿದ, ಆಗಲಿಲ್ಲ. ಕನ್ನಡಕವನ್ನು ತಾನೇ ತೊಡಿಸಿ ಕಿವಿಯ ಹಿಂದೆ ಕಡ್ಡಿ ಸರಿಮಾಡಿದ. ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆ ಬೆರಳು ಹಾಗೇ ಇರಲಿ ಎಂದು ನನಗೆ ಅಳು ಬರುವಷ್ಟು ಆಸೆಯಾಯಿತು.

"ನನಗೂ ನೀವಂದ್ರೆ ಪ್ರಾಣ," ಎಂದ. "ಆದ್ರೆ ಇನ್ಮೇಲೆ ಬರ್ಬೇಡಿ. ನಿಮ್ಮನ್ನ ನೋಡಿದ್ರೆ ಅಪ್ಪ ಇನ್ನೊಂದ್ಸಲ ಹೋದ ಹಾಗಾಗುತ್ತೆ."

ಮೂಲೆಯಿಂದ ಅಮ್ಮ ಕೇಳಿದರು. "ಏನೋ, ನಿಮ್ಮಪ್ಪ ಉಳಿದ್ರಾ?"

"ಇಲ್ಲಮ್ಮ."

"ಯಾರು ತೆಗೆದ್ರು?"

ಅವನು ನನ್ನನ್ನು ನೋಡಿದ. "ಯಾರೂ ಇಲ್ಲ. ಪೇಪರ್ ಒಂದೇ ಇತ್ತಲ್ಲ, ಸಾಲ್ಲಿಲ್ಲ."

"ಪಾಪ, ಈ ಹುಡುಗಿ ಎಷ್ಟು ಓಡಾಡಿದ್ಲು," ಎಂದರು ಅಮ್ಮ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಲೇಖನ ಹೋದರೆ ಅದರ ಚರ್ಚಾಪುಟವೂ ಹೋಗುತ್ತದೆ. ವಿನಯದ ಜಗಳ, ಹೆಗ್ಗಣ, ನನ್ನ ಆ ಸಾಲು, ಯಾವುದೂ ಈಗ ಅಲ್ಲಿಲ್ಲ. ಹೊಸ ಕನ್ನಡಕದಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ, 'ಈ ಹೆಸರಿನ ಪುಟ ಇಲ್ಲ' ಎಂಬುದೂ. ನಾನು ಅವನನ್ನು ಪ್ರೀತಿಸಿದ್ದೆ ಎಂಬುದಕ್ಕೆ ಈಗ ಮೂಲ ನಾನೇ.